ಗೋಮತಿ ಚಾಳಿಗೆ ಹೋಗುವ ದಾರಿ

ಭಾನುವಾರ ಬೆಳಿಗ್ಗೆ ಬುಷರಾಳನ್ನು ಎಬ್ಬಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ವಾರವಿಡೀ ಮುಂಬಯಿಯ ಮಲಾಡಿನಿಂದ ಪವಾಯಿಗೆ ಲೋಕಲ್ಲು, ಬಸ್ಸು, ರಿಕ್ಷಾ ಎಂದು ವಾಹನ ಬದಲಿಸಿ ಬದಲಿಸಿ ಹೋಗಿ, ದೊಡ್ಡ ಆಫೀಸಿನ ನೆಟ್‌ವರ್ಕನ್ನು ಕಾಯುವ ಹುಡುಗಿ. ಭಾನುವಾರ ಹತ್ತರ ತನಕ ಮಲಗುವುದು ಅವಳ ಹಕ್ಕು ಎಂದು ಅವಳ ತಾಯಿ ಬೀಬೀಜಾನ ತೀರ್ಪು ಕೊಟ್ಟಾಗಿತ್ತು. ಆದರೆ ಆ ತೀರ್ಪು ಗೋಮತಿ ಚಾಳಿನ ಶೀಲಾವತಿಯವರಿಗೆ ತಲುಪಿರಲಿಲ್ಲ. ತಲುಪಿದ್ದರೂ ಕ್ಯಾರೇ ಅನ್ನುವವರಲ್ಲ ಅವರು.

“ಎಂತ ಮಾರಾಯ್ತಿ, ಇನ್ನೂ ಮಲಗಿದ್ದೀಯಾ?” ಫೋನಿನಲ್ಲಿ ಶೀಲಾವತಿಯವರ ದನಿ ಕಿವಿಗೆ ಅಪ್ಪಳಿಸಿತು. “ನಿನ್ನೆ ಸಂಜೆಯಿಂದ ನಮ್ಮ ಚಾಳಿಗೆ ನೆಟ್ ಇಲ್ಲ. ನಿನ್ನ ಅಪ್ಪನಿಗೆ ಹೇಳಿದ್ರೆ, ‘ಅದು ನಂದಲ್ಲ, ಮುಜಾಹಿದನ್ನ ಕೇಳ್ರಿ’ ಅಂತಾರೆ. ಮುಜಾಹಿದನಿಗೆ ಹೇಳಿದ್ರೆ, ‘ಅದು ಈಗ ಭಾಯಿದು, ಅವರನ್ನ ಕೇಳ್ರಿ’ ಅಂತಾನೆ. ಇಬ್ಬರ ನಡುವೆ ನಾನೆಂತ ಚೆಂಡಾ? ಇಲ್ಲಿ ದೊಡ್ಡ ಕಂಪನಿಯವ ಒಬ್ಬ ಡ್ರಿಲ್ ಮಶಿನ್ ಹಿಡ್ಕೊಂಡು ಬಂದು ಕೂತಿದ್ದಾನೆ. ಊಟದ ಹೊತ್ತಿನೊಳಗೆ ಸರಿಯಾಗದಿದ್ರೆ ಅವನಿಗೆ ಹೂಂ ಅಂತೇನೆ ನೋಡು. ಆಮೇಲೆ ನನ್ನನ್ನು ದೂರಬೇಡಿ.”

ಬುಷರಾ ಎದ್ದು ಕೂತಳು. ನಿದ್ದೆ ಹಾರಿದ್ದು ನೆಟ್ ಇಲ್ಲ ಎಂಬ ಸುದ್ದಿಗಲ್ಲ, ಡ್ರಿಲ್ ಮಶಿನ್ ಎಂಬ ಮಾತಿಗೆ. ಚಾಳ್ ದೊಡ್ಡ ಕಂಪನಿಯ ಪಾಲಾದರೆ ಅಲ್ಲಿಯ ಮಾಳಿಗೆಯ ಮೇಲಿನ ಹಳೆಯ ಕಬ್ಬಿಣದ ಪೆಟ್ಟಿಗೆಯನ್ನು ಕಿತ್ತು ಕೆಳಗಿಳಿಸುತ್ತಾರೆ. ಅವಳ ಅಪ್ಪ ಬಡೇಸಾಬ ಮತ್ತು ಚಾಚಾ ಮುಜಾಹಿದ ಇಬ್ಬರ ವೈರುಗಳೂ ಬಂದು ಸೇರುವುದು ಆ ಒಂದು ಪೆಟ್ಟಿಗೆಯಲ್ಲಿ. ಎಂಟು ತಿಂಗಳಿಂದ ಮಾತು ಬಿಟ್ಟ ಅಣ್ಣ ತಮ್ಮಂದಿರ ನಡುವೆ ಉಳಿದಿದ್ದ ಸಂಬಂಧವೆಂದರೆ ಅದೊಂದೇ. ಅದೂ ಹೋದರೆ ಚಾಚಾ ಮತ್ತೆ ಈ ಮನೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು. ಚಾಚಾ ಇಲ್ಲದ ಮನೆ ಅವಳಿಗೆ ಒಂಚೂರೂ ಹಿಡಿಸುತ್ತಿರಲಿಲ್ಲ. ಸೈಕಲ್ ಕಲಿಸಿದವನು ಅವನು, ಕೇಬಲ್ ಕತ್ತರಿಸಿ ಜೋಡಿಸುವುದನ್ನು ಕಲಿಸಿದವನೂ ಅವನೇ.

ಹಿಂದಿನ ಕತೆ ಇಷ್ಟು. ಬಡೇಸಾಬ ವಿಜಯಪುರದಿಂದ ಬಂದು ಮಾರ್ವೆ ರೋಡಿನ ಗಲ್ಲಿಗಳಲ್ಲಿ ಮೊದಲು ಕೇಬಲ್ ಟಿ.ವಿ., ಆಮೇಲೆ ಇಂಟರ್ನೆಟ್ ಎಂದು ಮನೆಮನೆಗೆ ವೈರು ಎಳೆದ ಮನುಷ್ಯ. ತಮ್ಮ ಮುಜಾಹಿದ ಅವನ ಬಲಗೈ. ಮನೆಯಲ್ಲಿ ಮಾತು ದಖ್ಖನಿ. ಸಿಟ್ಟು ಮತ್ತು ಕಸುಬು ಮಾತ್ರ ಕನ್ನಡದಲ್ಲಿ. ಸಿಟ್ಟು ಮತ್ತು ಕಸುಬು ಎರಡೂ ಅವರಿಗೆ ಬೇಕಾದಷ್ಟಿದ್ದುದರಿಂದ ಕನ್ನಡವೇನೂ ಸೊರಗಲಿಲ್ಲ. ಅವರ ಮೊದಲ ಗಿರಾಕಿ, ಉದ್ದ ಗ್ಯಾಲರಿಗೆ ಸಾಲಾಗಿ ಬಾಗಿಲು ತೆರೆಯುವ ಗೋಮತಿ ಚಾಳ್. ಅಲ್ಲಿಯ ಅರ್ಧ ಮನೆಗಳು ಉಡುಪಿ ಕಡೆಯವರದು. ಶೀಲಾವತಿಯವರ ಗಂಡ ದೂಜ ಎಂಬವರು ಫೋರ್ಟ್ ಕಡೆಯ ಒಂದು ಹೋಟೆಲಿನಲ್ಲಿ ಕ್ಯಾಶಿಯರ್; ಶೀಲಾವತಿಯವರು ಚಾಳಿನ ಕಮಿಟಿಗೆ ಅಧ್ಯಕ್ಷೆ, ಕಮಿಟಿಯ ಉಳಿದ ಸದಸ್ಯರಿಗೆ ಸಿಂಹಸ್ವಪ್ನ.

ಅಣ್ಣ ತಮ್ಮಂದಿರು ಜಗಳವಾಡಿದ್ದು ಆಸ್ತಿಗಲ್ಲ, ಹೆಂಡಂದಿರ ಮಾತಿಗಲ್ಲ. ಪ್ಯಾಕೆಟ್ಟಿಗೆ ದಾರಿ ತೋರಿಸುವುದು ಹೇಗೆ ಎಂಬ ವಿಷಯಕ್ಕೆ. ಹೇಳಿದರೆ ಬೀಗರು ನಗುತ್ತಾರೆ ಎಂದು ಬೀಬೀಜಾನ ಬಂದವರಿಗೆಲ್ಲ “ಏನೋ ಮನಸ್ತಾಪ” ಎಂದಷ್ಟೇ ಹೇಳಿ ತೇಲಿಸಿಬಿಡುತ್ತಿದ್ದಳು.

ವಿಷಯ ದೊಡ್ಡದೇನಲ್ಲ. ನಾವು ಫೋನಿನಲ್ಲಿ ನೋಡುವುದು, ಕಳಿಸುವುದು ಎಲ್ಲವೂ ಸಣ್ಣ ಸಣ್ಣ ತುಂಡುಗಳಾಗಿ ಹೋಗುತ್ತವೆ; ಆ ತುಂಡಿಗೆ ಪ್ಯಾಕೆಟ್ ಎನ್ನುತ್ತಾರೆ. ಅದರ ಮೇಲೆ ತಲುಪಬೇಕಾದ ವಿಳಾಸ ಇರುತ್ತದೆ. ದಾರಿಯಲ್ಲಿ ಸಿಗುವ ರೌಟರ್ ಎಂಬ ಡಬ್ಬಿಗೆ ಪೂರ್ತಿ ದಾರಿ ಗೊತ್ತಿರುವುದಿಲ್ಲ. ಈ ವಿಳಾಸದ್ದು ಬಂದರೆ ಮುಂದೆ ಯಾರ ಕೈಗೆ ಕೊಡಬೇಕು ಎಂಬುದಷ್ಟೇ ಗೊತ್ತು. ಮುಂಬಯಿಯಲ್ಲಿ ಅಡ್ರೆಸ್ ಕೇಳಿದರೆ ಪಾನ್‌ವಾಲಾ ಹೇಳುತ್ತಾನಲ್ಲ, “ಸೀದಾ ಜಾಕೆ ಲೆಫ್ಟ್, ಉಧರ್ ಕಿಸೀಕೋ ಭೀ ಪೂಛೋ” ಎಂದು, ಮುಂದಿನದನ್ನು ಅಲ್ಲಿ ಯಾರನ್ನಾದರೂ ಕೇಳಿಕೊಳ್ಳಿ ಎಂದು, ಹಾಗೆ. ಬಡೇಸಾಬ ತನ್ನ ರೌಟರಿಗೆ ಪ್ರತಿಯೊಂದು ದಾರಿಯನ್ನೂ ತಾನೇ ಕೂತು ಕೈಯಾರೆ ಟೈಪ್ ಮಾಡಿ ತುಂಬುತ್ತಿದ್ದ. ಒಮ್ಮೆ ತುಂಬಿದ ಸಾಲನ್ನು ಅಳಿಸುತ್ತಿರಲಿಲ್ಲ. ಬಿಟ್ಟುಹೋದ ಗಿರಾಕಿ ಎಂದಾದರೂ ತಿರುಗಿ ಬಂದಾನು ಎಂಬ ಆಸೆ. ಮುಜಾಹಿದನದು ಬೇರೆ ವಾದ. ಕಾಲ ಬದಲಾಗಿದೆ, ರೌಟರುಗಳೇ ಒಂದರೊಡನೊಂದು ಮಾತಾಡಿಕೊಳ್ಳಲಿ, ಯಾವ ದಾರಿ ತೆರೆದಿದೆ ಯಾವುದು ಮುಚ್ಚಿದೆ ಎಂದು ತಾವೇ ತಿಳಿದುಕೊಳ್ಳಲಿ, ನಾವು ಯಾಕೆ ನಡುವೆ ಮೂಗು ತೂರಿಸಬೇಕು ಎಂದು ಅವನು.

ಒಂದು ದಿನ ಅಣ್ಣನಿಗೆ ಹೇಳದೆ ಅವನು ಆ ಆಟೋಮ್ಯಾಟಿಕ್ ಪದ್ಧತಿಯನ್ನು ಹಾಕಿಯೇಬಿಟ್ಟ. ಎಲ್ಲೋ ಒಂದು ಅಂಕಿ ತಪ್ಪಿತು. ಅದೂ ಕ್ರಿಕೆಟ್ ಮ್ಯಾಚಿನ ಕೊನೆಯ ಓವರಿನಲ್ಲಿ ಇಡೀ ಏರಿಯಾಕ್ಕೆ ನೆಟ್ ಹೋಯಿತು. ಗೋಮತಿ ಚಾಳಿನ ಗ್ಯಾಲರಿಯಲ್ಲಿ ಮಂದಿ ಸುತ್ತುಗಟ್ಟಿ ನಿಂತಿದ್ದಾಗ ಬಡೇಸಾಬ ಎಲ್ಲರ ಎದುರು ತಮ್ಮನಿಗೆ, “ಇನ್ನ ನಿನ್ನ ಕೈಯಾಗ ನನ್ನ ರೌಟರ್ ಕೊಡಂಗಿಲ್ಲ. ಮನಿ ಮುಳಗಸೂ ಕೈ ಅದು” ಅಂದ. ಮುಜಾಹಿದ ಮೆಟ್ಟಿಲಿಳಿದು ಹೋದ. ವಾರದೊಳಗೆ ಹೆಂಡತಿಯನ್ನು ಕರೆದುಕೊಂಡು ರೋಡಿನ ಆಚೆ ಬದಿಗೆ ಮನೆ ಮಾಡಿದ, ತನ್ನದೇ ಸಣ್ಣ ಆಫೀಸು ತೆರೆದ. ಗಿರಾಕಿಗಳು ಪಾಲಾದರು. ಒಬ್ಬರ ಲೈನ್ ಕೆಟ್ಟರೆ ಇನ್ನೊಬ್ಬರದು ಆಸರೆಗಿರಲಿ ಎಂದು ಮಾಳಿಗೆಯ ಪೆಟ್ಟಿಗೆಯ ವೈರನ್ನು ಮಾತ್ರ ಇಬ್ಬರೂ ಬಿಚ್ಚಲಿಲ್ಲ. ಆದರೆ ಅದರ ಬಗ್ಗೆ ಯಾರೂ ತುಟಿ ಎರಡು ಮಾಡಲೂ ಇಲ್ಲ.

ಬುಷರಾ ಮುಖ ತೊಳೆದು, ತಾಯಿ ಕೊಟ್ಟ ಚಹಾವನ್ನು ನಿಂತಲ್ಲೇ ಕುಡಿದು, ಲ್ಯಾಪ್‌ಟಾಪ್ ಹೆಗಲಿಗೇರಿಸಿ ಚಾಳಿಗೆ ಹೊರಟಳು.

ಗ್ಯಾಲರಿಯಲ್ಲಿ ಜಾತ್ರೆಯಷ್ಟು ಮಂದಿ. ನೆಟ್ ಇಲ್ಲದ ಭಾನುವಾರ ಏನು ಮಾಡಬೇಕೆಂದು ತಿಳಿಯದೆ ಎಲ್ಲರೂ ಬಾಗಿಲಿಗೆ ಬಂದು ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಕೆಲವರಿಗಂತೂ ಪಕ್ಕದ ಮನೆಯವರ ಪರಿಚಯ ಹೊಸದಾಗಿ ಆದಂತಿತ್ತು. ನಡುವೆ ಒಂದು ಸ್ಟೂಲಿನ ಮೇಲೆ ದೊಡ್ಡ ಕಂಪನಿಯ ಹಿತೇಶ್, ಶೀಲಾವತಿಯವರು ಕೊಟ್ಟ ನೀರುದೋಸೆಯನ್ನು ಮುಗಿಸಿ ಬೆರಳು ಚೀಪುತ್ತ ಕೂತಿದ್ದ. ಐವತ್ತು ದಾಟಿದ, ಹಸನ್ಮುಖಿ ಮನುಷ್ಯ. ಡ್ರಿಲ್ ಮಶಿನ್ ಕಾಲ ಬಳಿ ಇತ್ತು.

“ನಮಸ್ತೆ ಬೇಟಾ,” ಅಂದ ಅವನು. “ನನಗೆ ಗಡಬಡ್ ಇಲ್ಲ. ಆಂಟಿ ಚಟ್ನಿ ಬಹುತ್ ಬಢಿಯಾ.”

“ಬಂದಿಯಾ?” ಶೀಲಾವತಿಯವರು ಸೊಂಟದ ಮೇಲೆ ಕೈಯಿಟ್ಟರು. “ನೋಡು, ನಾನು ನಿಮ್ಮನ್ನು ಬಿಟ್ಟು ಹೋಗ್ಬೇಕು ಅಂತ ಇಲ್ಲ. ಆದ್ರೆ ಇಡೀ ಚಾಳ್ ನನ್ನ ತಲೆ ತಿನ್ತಾ ಉಂಟು. ನನ್ನ ಮಗಳು ನಿಶಾಳಿಗೆ ನಾಳೆ ಪರೀಕ್ಷೆ, ಓದುವುದೆಲ್ಲ ಆ ನೆಟ್ಟಿನೊಳಗೆ ಅಂತೆ. ಊಟದ ತನಕ ಕಾಯ್ತೇನೆ. ಆಮೇಲೆ ಇವನು ಗೋಡೆ ಕೊರೀತಾನೆ.”

ಬುಷರಾ ಮೆಟ್ಟಿಲ ಮೇಲೆ ಕೂತು, ತನ್ನ ಫೋನಿನ ನೆಟ್ಟಿನಿಂದಲೇ ಚಾಳಿನ ವಿಳಾಸಕ್ಕೆ ದಾರಿ ಹುಡುಕಿದಳು. ಅವಳ ಕಸುಬಿನಲ್ಲಿ ಅದಕ್ಕೊಂದು ಉಪಾಯವಿದೆ. ಪ್ರತಿ ಪ್ಯಾಕೆಟ್ಟಿಗೂ ಇಂತಿಷ್ಟು ಎಂದು ಆಯುಷ್ಯ ಕೊಟ್ಟಿರುತ್ತಾರೆ. ಒಂದೊಂದು ರೌಟರ್ ದಾಟುವಾಗಲೂ ಒಂದು ಕಡಿಮೆಯಾಗುತ್ತದೆ; ಸೊನ್ನೆಯಾದಲ್ಲಿ ಅದು ಸಾಯುತ್ತದೆ, ಸತ್ತ ಜಾಗದ ರೌಟರು “ಇಲ್ಲಿ ಸತ್ತಿತು” ಎಂದು ಕಳಿಸಿದವರಿಗೆ ಸುದ್ದಿ ಮುಟ್ಟಿಸುತ್ತದೆ. ಹಾಗಾಗಿ ಮೊದಲು ಒಂದೇ ಆಯುಷ್ಯದ್ದು, ಆಮೇಲೆ ಎರಡರದ್ದು, ಆಮೇಲೆ ಮೂರರದ್ದು ಎಂದು ಕಳಿಸುತ್ತ ಹೋದರೆ ದಾರಿಯ ಒಂದೊಂದೇ ಮಜಲು ಪರದೆಯ ಮೇಲೆ ಮೂಡುತ್ತದೆ.

ಮೂಡಿತು. ಮೊದಲ ಕೆಲವು ಸಾಲು ಯಾರ್ಯಾರದೋ. ಆಮೇಲೆ ಮುಜಾಹಿದ ಚಾಚಾನ ರೌಟರು. ಅದರ ಕೆಳಗೆ ಅವಳ ಅಪ್ಪನದು, ಅಬ್ಬಾನದು. ಅದರ ಕೆಳಗೆ ಮತ್ತೆ ಚಾಚಾನದು. ಮತ್ತೆ ಅಬ್ಬಾನದು. ಚಾಚಾ, ಅಬ್ಬಾ, ಚಾಚಾ, ಅಬ್ಬಾ. ಪರದೆ ತುಂಬಿದರೂ ಮುಗಿಯಲಿಲ್ಲ. ಗೋಮತಿ ಚಾಳಿಗೆಂದು ಬಂದ ಪ್ರತಿಯೊಂದು ಪ್ಯಾಕೆಟ್ಟೂ ಇಬ್ಬರ ನಡುವೆ ಓಡಾಡಿ ಓಡಾಡಿ ಸುಸ್ತಾಗಿ, ಚಾಳಿನ ಬಾಗಿಲಲ್ಲೇ ಪ್ರಾಣ ಬಿಡುತ್ತಿತ್ತು.

ಬುಷರಾಳಿಗೆ ಮೈಯೆಲ್ಲ ಉರಿಯಿತು. ಇಬ್ಬರು ದೊಡ್ಡವರು, ತಲೆ ನರೆಯುತ್ತಿರುವವರು, ಜಗಳಕ್ಕೆ ಪಾಪದ ಚಾಳನ್ನು ಒಬ್ಬರ ಮೇಲೊಬ್ಬರು ಎತ್ತಿಹಾಕುತ್ತಿದ್ದಾರೆ! ಆಫೀಸಿನಲ್ಲಿ ಹೊಸಬರು ಇಂಥ ಕೆಲಸ ಮಾಡಿದರೆ ಅವಳು ನಯವಾಗಿ ತಿದ್ದುತ್ತಾಳೆ. ಮನೆಯವರಿಗೆ ಆ ರಿಯಾಯಿತಿ ಇರಲಿಲ್ಲ.

ಬಡೇಸಾಬ ಆಫೀಸಿನಲ್ಲಿ ಕನ್ನಡಕ ಹಣೆಗೇರಿಸಿಕೊಂಡು ಪೇಪರ್ ಓದುವ ನಾಟಕವಾಡುತ್ತಿದ್ದ. ಮಗಳು ಲ್ಯಾಪ್‌ಟಾಪನ್ನು ಅವನ ಪೇಪರಿನ ಮೇಲೆಯೇ ಇಟ್ಟಳು.

“ಅಬ್ಬಾ, ಏನಿದು? ದೇಖೋ ತೋ. ಚಾಳ್ ಕಾ ರೂಟ್ ಯಾಕ ಚಾಚಾ ಕಡೆ ಹಾಕೀರಿ?”

ಬಡೇಸಾಬ ಕನ್ನಡಕ ಇಳಿಸಿ ನೋಡಿದ. ಸಾಲುಗಳು ಅವನಿಗೆ ಅರ್ಥವಾಗದೆ ಇರಲಿಲ್ಲ. ಮುಖ ಕೆಂಪಾಯಿತು. “ನೋಡಿದೇನ? ನೋಡಿದೇನ ನಿನ್ನ ಚಾಚಾನ ಆಟ? ಎಷ್ಟು ಸಲ ನನ್ನ ಕಡೆ ದಬ್ಬ್ಯಾನ! ಹೊಲಸು ಬಳದು ಬಾಜೂದವರ ಬಾಗಲಿಗೆ ಹಾಕಿದಂಗ!”

“ನೀವೂ ಅಷ್ಟ ಸಲ ದಬ್ಬೀರಿ, ಅಬ್ಬಾ.”

“ನಾ ದಬ್ಬಿಲ್ಲ!” ಬಡೇಸಾಬ ಗುಡುಗಿದ. ಆಮೇಲೆ, ಗುಡುಗಿದ್ದಕ್ಕೆ ತಾನೇ ನಾಚಿದವನಂತೆ ದನಿ ತಗ್ಗಿಸಿದ. “ನಾ ಕೊಟ್ಟೀನಿ.”

“ಮತ್ಲಬ್?”

ಬಡೇಸಾಬ ಪೇಪರನ್ನು ಮಡಚಿದ, ಬಿಡಿಸಿದ, ಮತ್ತೆ ಮಡಚಿದ. “ಪಾಲಾದಾಗ ಆ ಚಾಳ ನನ್ನ ಪಾಲಿಗೇ ಬಂದಿತ್ತು. ನಾ ಒಂದಿನ ಕುಂತು, ಅವಂದು ಇರಲಿ ಅಂತ ಅವನ ಕಡೆ ತಿರುಗಿಸಿದೆ; ಅವತ್ತಿಂದ ಅವನಽ ನಡಸಾಕತ್ತಿದ್ದ. ಬುಷರಾ, ಆ ಮಾಳಿಗಿ ಮ್ಯಾಲ ಮೊದಲನೇ ವಾಯರ್ ಎಳದಾಂವ ಅವ. ಮಳ್ಯಾಗ ತಗಡಿನ ಪತ್ರಾದ ಮ್ಯಾಲಿಂದ ಜಾರಿ ಬಿದ್ದು ಕೈ ಮುರಕೊಂಡ. ಇನ್ನೂ ಆ ಕೈ ಸೆಟದು ಸೀದಾ ಆಗಂಗಿಲ್ಲ. ಅವನ ಎಲಬು ಮುರದ ಜಾಗಾದ ಅನ್ನ ನಾ ಹೆಂಗ ಉಣ್ಣಲಿ? ಅದಕ್ಕ ನನ್ನ ರೌಟರಿನ್ಯಾಗ ಚಾಳಿನ ಸಾಲು ಅಳಿಸಿಬಿಟ್ಟೆ.”

“ಅಳಿಸಿದ್ರೀ? ನೀವು?”

“ಹೂಂ. ಅದೊಂದಽ.”

ಬುಷರಾ ಲ್ಯಾಪ್‌ಟಾಪನ್ನು ಮುಚ್ಚಿ ಎತ್ತಿಕೊಂಡಳು. ಹುಟ್ಟಿದಾಗಿನಿಂದ ಕಂಡ ಅಪ್ಪ. ಸತ್ತುಹೋದ ಗಿರಾಕಿಯ ದಾರಿಯನ್ನೂ ಅಳಿಸಲು ಮನಸ್ಸು ಬಾರದೆ ರೌಟರಿನಲ್ಲಿ ಹಾಗೇ ಇಟ್ಟುಕೊಂಡವನು. ಅವಳಿಗೆ ಸಿಟ್ಟು ಅರ್ಧಕ್ಕರ್ಧ ಇಳಿದುಹೋಯಿತು. ಆದರೆ ಚಾಚಾನ ಪಾಲಿನ ಅರ್ಧ ಇನ್ನೂ ಬಿಸಿಯಾಗಿಯೇ ಇತ್ತು.

“ಹಂಗಾದ್ರ ಚಾಚಾ ಯಾಕ ವಾಪಸ್ ಹಾಕ್ಯಾರ?”

“ಅವನ್ನ ಕೇಳು. ನನಗ ಏನ ಗೊತ್ತ? ಸಿಟ್ಟ ಇನ್ನೂ ಇಳದಿರಾಕಿಲ್ಲ.”

ಮಾರ್ವೆ ರೋಡ್ ದಾಟುವುದೆಂದರೆ ಸುಲಭದ ಮಾತಲ್ಲ. ಬೆಸ್ಟಿನ ಕೆಂಪು ಬಸ್ಸುಗಳಿಗೂ ರಿಕ್ಷಾಗಳಿಗೂ ನಡುವೆ ದೇವರ ಮೇಲೆ ಭಾರ ಹಾಕಿ ನುಗ್ಗಬೇಕು. ಬುಷರಾ ಯೋಚಿಸುತ್ತಲೇ ನುಗ್ಗಿದಳು. ಒಬ್ಬ ರಿಕ್ಷಾದವನು ಬೈದದ್ದು ಅವಳಿಗೆ ಕೇಳಿಸಲಿಲ್ಲ.

ಮುಜಾಹಿದ ಅಂಗಡಿಯಂಥ ಆಫೀಸಿನಲ್ಲಿ ಕೇಬಲ್ಲಿನೊಳಗಿನ, ಕೂದಲೆಳೆಯಷ್ಟು ಸಣ್ಣ ಗಾಜಿನ ಎಳೆಗಳನ್ನು ಜೋಡಿಸುತ್ತ ಕೂತಿದ್ದ. ಬುಷರಾಳನ್ನು ಕಂಡೊಡನೆ ಎಲ್ಲ ಬಿಟ್ಟು ಎದ್ದ, ಕುರ್ಚಿ ಒರೆಸಿದ, ಪಕ್ಕದ ಹೋಟೆಲಿಗೆ ಚಹಾ ಹೇಳಿದ, ಡಬ್ಬಿಯಿಂದ ಖಾರಿ ಬಿಸ್ಕತ್ತು ತೆಗೆದ. ಅವಳು ಮುಖ ಊದಿಸಿಕೊಂಡೇ ಖಾರಿ ತಿಂದಳು.

“ಚಾಚಾ, ಗೋಮತಿ ಚಾಳ್ ನಿನ್ನೆ ಅಬ್ಬಾ ಕಡೆ ತಿರುಗಿಸೀರಿ. ಕ್ಯೂಂ?”

ಮುಜಾಹಿದ ತಲೆ ಕೆರೆದುಕೊಂಡ. “ನಿನಗೂ ಗೊತ್ತಾತಾ? ಸುಮ್ಮನ ಮಾಡಿದ್ದೆ, ಯವ್ವಾ. ನಿಮ್ಮ ಮನ್ಯಾಗ ಯಾರಿಗೂ ಗೊತ್ತಾಗಬಾರದಿತ್ತು.”

“ಪೂರಾ ಚಾಳಿಗೇ ಗೊತ್ತಾಗೇತಿ. ನೆಟ್ ಇಲ್ಲ ಅವರಿಗೆ.”

“ಇನ್ನೂ ನೆಟ್ ಇಲ್ಲಾ?” ಅವನು ನಿಜವಾಗಿ ಗಾಬರಿಯಾದ. “ಅದ ಹೆಂಗ? ಶೀಲಾವತಿಯವರು ಫೋನ್ ಮಾಡಿದಾಗ ಭಾಯಿನ ಲೈನ್ ಕೆಟ್ಟಿರಬೇಕು ಅಂತ ತಿಳಕೊಂಡೆ. ನಾ ನನ್ನ ಸಾಲು ತಗದು ಭಾಯಿ ಕಡೆ ಹಾಕೀನಿ, ಅಷ್ಟಽ. ಭಾಯಿನ ರೌಟರಿನ್ಯಾಗ ಚಾಳಿನ ಸಾಲು ಇದ್ದಽ ಇರತೈತಲ್ಲ. ಭಾಯಿ ಒಂದು ಸಾಲೂ ಅಳಸಂಗಿಲ್ಲ, ನನಗ ಗೊತ್ತಿಲ್ಲೇನು? ಮಣ್ಣಿಗಿ ಹೋದವರ ಸಾಲು ಸೈತ ಇಟ್ಟಾಂವ!”

“ಆದ್ರ ಯಾಕ ಹಾಕಿದ್ರಿ?”

ಚಹಾ ಬಂತು. ಮುಜಾಹಿದ ಆ ಸೊಟ್ಟ ಕೈಯಿಂದಲೇ ಲೋಟ ಎತ್ತಿ ಅವಳ ಮುಂದಿಟ್ಟ. “ಈ ರೋಡಿನ ಎರಡು ಟಾವರ್ ಬಿಲ್ಡಿಂಗಿನ ಮಂದಿ ಭಾಯಿನ್ನ ಬಿಟ್ಟು ದೊಡ್ಡ ಕಂಪನಿಗೆ ಹೋದ್ರಂತ ಕೇಳಿದೆ. ಮೊನ್ನೆ ರಸ್ತೆಯಾಗ ಭಾಯಿನ್ನ ದೂರಿಂದ ನೋಡಿದೆ. ನಡದಾಡೋ ರೀತೀನಽ ಬದಲಾಗೇತಿ, ಬುಷರಾ. ಹೆಗಲು ಇಳದಾವು. ಎದಿ ಚುರ್ ಅಂತು. ಟಾವರ್ ಹ್ವಾದ್ರ ಹೋಗಲಿ, ಚಾಳ ಆದರೂ ಭಾಯಿಗೆ ಇರಲಿ ಅಂತ ಹಾಕಿದೆ. ಭಾಯಿ ಕೈ ಹಿಡದು ಬೆಳದಾಂವ ನಾ. ಹೇಳಿದ್ರ ತಗೋತಿದ್ದಿಲ್ಲ.”

“ಅಬ್ಬಾ ಆ ಸಾಲು ಅಳಿಸ್ಯಾರ, ಚಾಚಾ. ಅಲಗ್ ಆದಾಗಲೇ. ಚಾಳ್ ನಿಮ್ಮದಾಗಿರಲಿ ಅಂತ.”

ಮುಜಾಹಿದ ಆಗಷ್ಟೇ ತನ್ನ ಚಹಾದ ಲೋಟ ಎತ್ತಿದ್ದ. ಲೋಟವನ್ನು ಕೆಳಗಿಟ್ಟು, “ಭಾಯಿ? ಅಳಿಸ್ಯಾನ?” ಎಂದು ಎರಡು ಸಲ ಕೇಳಿದ. ಬುಷರಾ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಳು. ತನ್ನ ರೌಟರು, ಅಣ್ಣನ ರೌಟರು, ತನ್ನದು, ಅಣ್ಣನದು. ಅವನು ಅದನ್ನು ಕೆಳಗಿನ ತನಕ ಬೆರಳಿಟ್ಟು ನೋಡಿದ. ಕಣ್ಣು ತುಂಬಿ ಬಂತು. ಗಾಜಿನ ಎಳೆ ಚುಚ್ಚಿತೆಂದು ಸುಳ್ಳು ಹೇಳಿ ಮುಖ ಒರೆಸಿಕೊಂಡ.

ಬುಷರಾ ಗಡಿಯಾರ ನೋಡಿದಳು, ಊಟದ ಹೊತ್ತು ಹತ್ತಿರವಾಗುತ್ತಿತ್ತು. “ರೋನಾ ಬಾದ್ ಮೇ. ಯಾರರ ಒಬ್ಬರು ತಗೋಬೇಕು, ಚಾಚಾ. ಇಲ್ಲಂದ್ರ ಹಿತೇಶ್ ಅಂಕಲ್ ಗೋಡೆ ಕೊರೀತಾರ. ಆ ಪೆಟ್ಟಿಗೆ ಹೋದ್ರ ನೀವಿಬ್ರೂ ಫಿನಿಶ್. ನೀವು ತಗೋರಿ.”

“ಭಾಯಿ ತಗೊಳ್ಳಲಿ. ದೊಡ್ಡಾಂವ.”

ಅವಳು ಅಲ್ಲಿಂದಲೇ ಅಬ್ಬಾನಿಗೆ ಫೋನ್ ಹಚ್ಚಿ ಚಾಚಾ ಯಾಕೆ ಹಾಗೆ ಮಾಡಿದನೆಂದು ಎಲ್ಲವನ್ನೂ ಹೇಳಿದಳು. ಆ ಕಡೆ ಪೇಪರ್ ಮಡಚುವ ಸದ್ದು ಕೇಳಿಸಿತು. ಆಮೇಲೆ ಬಡೇಸಾಬ ಮೆಲ್ಲಗೆ, “ಅವಽ ತಗೊಳ್ಳಲಿ. ಸಣ್ಣಾಂವ,” ಅಂದ.

ಬುಷರಾಳ ತಾಳ್ಮೆ ಕಡಿದುಹೋಯಿತು. “ಕೊಡೋದರಾಗ ಇಬ್ಬರೂ ಬಹಾದ್ದೂರ್! ತಗೊಳ್ಳೋಕ ಒಬ್ಬರಿಗೂ ದಮ್ ಇಲ್ಲ! ಏನರ ಮಾಡ್ಕೋರಿ!” ಎಂದು ಫೋನಿಗೂ ಎದುರಿಗಿದ್ದವನಿಗೂ ಒಟ್ಟಿಗೇ ಹೇಳಿ, ಉಳಿದ ಖಾರಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಟುಬಿಟ್ಟಳು.

ಚಾಳಿನಲ್ಲಿ ಅಡುಗೆಯ ವಾಸನೆ ಎದ್ದಿತ್ತು. ಹಿತೇಶ್ ಸ್ಟೂಲಿನಿಂದೆದ್ದು ಗೋಡೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದ. ಶೀಲಾವತಿಯವರು ಬುಷರಾಳ ಮುಖ ನೋಡಿಯೇ ಉತ್ತರ ಓದಿಕೊಂಡರು. “ಆಗ್ಲಿಲ್ಲ ಅಲ್ವಾ? ನಂಗೂ ಬೇಸರವೇ ಮಗಾ. ಆದ್ರೆ ಎಂತ ಮಾಡುದು?”

ಅಷ್ಟರಲ್ಲಿ ಮೂರನೇ ಬಾಗಿಲಿನಿಂದ ನಿಶಾ ಕೂಗಿದಳು. “ಆಯೀ, ನೆಟ್ ಆ ಗಯಾ!”

ಗ್ಯಾಲರಿಯ ಉದ್ದಕ್ಕೂ ಫೋನುಗಳು ಒಂದೇ ಸಮನೆ ಟಿಣ್ ಟಿಣ್ ಎಂದವು. ನಿನ್ನೆ ಸಂಜೆಯಿಂದ ತಡೆಹಿಡಿದಿದ್ದ ಶುಭೋದಯದ ಹೂವಿನ ಮೆಸೇಜುಗಳೆಲ್ಲ ಒಮ್ಮೆಗೇ ಬಂದು ಬಿದ್ದವು. ಯಾರೋ ಸಿಳ್ಳೆ ಹಾಕಿದರು. ಬುಷರಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನಕ್ಕಳು. ತಗೊಂಡರು! ಯಾರೋ ಒಬ್ಬರು ತಗೊಂಡರು!

“ಹೋಯ್ತು,” ಅಂದಳು ನಿಶಾ.

ಮತ್ತೆ ಬಂತು. ಮತ್ತೆ ಹೋಯಿತು. ಒಂದು ಮನೆಗೆ ಬಂದರೆ ಪಕ್ಕದ ಮನೆಗಿಲ್ಲ, ಅಲ್ಲಿಗೆ ಬಂದರೆ ಇಲ್ಲಿಲ್ಲ. ಹಿತೇಶ್ ಡ್ರಿಲ್ ಎತ್ತುವುದು ಇಳಿಸುವುದು ಮಾಡಿ ಮಾಡಿ ಕೊನೆಗೆ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತ. ಬುಷರಾ ಲ್ಯಾಪ್‌ಟಾಪ್ ತೆರೆದು ನೋಡಿ ಹಣೆ ಬಡಿದುಕೊಂಡಳು. ಈಗ ಇಬ್ಬರೂ ತಗೊಂಡಿದ್ದರು. ಮಾಳಿಗೆಯ ಪೆಟ್ಟಿಗೆಯೊಳಗೆ ಒಂದೇ ವಿಳಾಸ ಹೇಳಿಕೊಂಡು ಇಬ್ಬರು ಮಾಲೀಕರು ನಿಂತಿದ್ದರು. ಯಾರ ಕೈಗೆ ಕೊಡಬೇಕೆಂದು ತಿಳಿಯದೆ ಚಾಳಿನ ಫೋನುಗಳು ಒಮ್ಮೆ ಅಣ್ಣನಿಗೆ, ಒಮ್ಮೆ ತಮ್ಮನಿಗೆ ಕೊಡುತ್ತಿದ್ದವು.

ಅವಳು ಅಬ್ಬಾನಿಗೆ ಫೋನ್ ಮಾಡಿದಳು, ಎಂಗೇಜ್. ಚಾಚಾನಿಗೆ ಮಾಡಿದಳು, ಎಂಗೇಜ್. ಮತ್ತೆ ಮಾಡಿದಳು, ಇಬ್ಬರದೂ ಎಂಗೇಜ್. ಒಬ್ಬರಿಗೊಬ್ಬರು ಏಕಕಾಲಕ್ಕೆ ಫೋನ್ ಮಾಡುತ್ತಿದ್ದಾರೆ, ಅದಕ್ಕೇ ಯಾರಿಗೂ ಹತ್ತುತ್ತಿಲ್ಲ ಎಂದು ಹೊಳೆಯಲು ಅವಳಿಗೆ ತುಸು ಹೊತ್ತು ಹಿಡಿಯಿತು. ಹೊಳೆದ ಮೇಲೆ ಅವಳು ಫೋನ್ ಕೆಳಗಿಟ್ಟಳು.

ಚಾಳಿಗೆ ಎರಡು ಮೆಟ್ಟಿಲು. ಈ ಕಡೆಯದರಿಂದ ಬಡೇಸಾಬ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಏದುಸಿರು ಬಿಡುತ್ತ ಬಂದ. ಆ ಕಡೆಯದರಿಂದ ಮುಜಾಹಿದ, ಅವನ ಕಂಕುಳಲ್ಲೂ ಲ್ಯಾಪ್‌ಟಾಪು. ಗ್ಯಾಲರಿಯ ನಡುವೆ, ಸರಿಯಾಗಿ ಹಿತೇಶನ ಸ್ಟೂಲಿನ ಎರಡು ಬದಿಗೆ ಬಂದು ನಿಂತರು.

“ನೀ ಯಾಕೋ ತಗೊಂಡಿ?” ಅಂದ ಬಡೇಸಾಬ.

“ನೀ ತಗೊಳ್ಳಂಗಿಲ್ಲ ಅಂತ ತಗೊಂಡೆ.”

“ನೀ ತಗೊಳ್ಳಂಗಿಲ್ಲ ಅಂತ ನಾ ತಗೊಂಡೆ!”

“ಇಬ್ಬರಲ್ಲಿ ಒಬ್ಬರು ಬಿಡಿ ಮಾರಾಯ್ರೇ!” ಶೀಲಾವತಿಯವರು ಕೂಗಿದರು.

“ನಾ ಬಿಡತೀನಿ,” ಎಂದರು ಇಬ್ಬರೂ ಒಂದೇ ಉಸಿರಿಗೆ, ಅಲ್ಲೇ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಲ್ಯಾಪ್‌ಟಾಪ್ ತೆರೆಯತೊಡಗಿದರು.

“ಯಾರೂ ಕೈ ಹಚ್ಚಬ್ಯಾಡ್ರಿ!” ಬುಷರಾ ಕಿರುಚಿದಳು. “ಮತ್ತ ಇಬ್ಬರೂ ಅಳಿಸ್ತೀರಿ, ಮತ್ತ ನೆಟ್ ಹೋಗ್ತದ! ನೀವು ಮಾತಾಡೋದಿಲ್ಲ, ಪಾಪ ನಿಮ್ಮ ರೌಟರ್ ಏನ್ ಮಾಡಬೇಕು? ಆಪಸ್ ಮೇ ಬಾತ್ ಕರೋ ನಾ!”

ಮೂರನೇ ಬಾಗಿಲಿನ ಹತ್ತಿರ ಯಾರೋ ಕಿಸಕ್ಕೆಂದು ನಕ್ಕರು. ಬಡೇಸಾಬ ನಗಲಿಲ್ಲ. ತಲೆಯೆತ್ತಿ ಗ್ಯಾಲರಿಯ ಮಂದಿಯನ್ನು ಒಮ್ಮೆ ನೋಡಿದ. ಮ್ಯಾಚಿನ ಆ ದಿನ ಸುತ್ತುಗಟ್ಟಿ ನಿಂತಿದ್ದವರೇ ಎಲ್ಲರೂ. ಕೂತಲ್ಲಿಂದಲೇ ಮುಂದಕ್ಕೆ ಸರಿದು, ತನ್ನ ಲ್ಯಾಪ್‌ಟಾಪನ್ನು ತಮ್ಮನ ಕೈಗಳ ಮೇಲೆ ಇಟ್ಟ.

“ತಗೋ,” ಅಂದ. “ಎಲ್ಲಾರ ಮುಂದ ಅಂದಿದ್ದೆ, ಎಲ್ಲಾರ ಮುಂದಽ ಕೊಡತೀನಿ. ನನ್ನ ರೌಟರಿಗೂ ನಿನ್ನ ಆಟೋಮ್ಯಾಟಿಕ್ ಹಾಕು. ಎಲ್ಲಾದ್ದಕ್ಕೂ ಹಾಕು. ತಪ್ಪಿದ್ರ ತಪ್ಪಲಿ, ಇಬ್ಬರೂ ಕೂಡಿ ನೋಡೂಣು.”

ಮುಜಾಹಿದ ಅದನ್ನು ಮಡಿಲಿಗೆ ಎಳೆದುಕೊಂಡು ತೆರೆದ. ಹಿತೇಶ್ ಮೆಲ್ಲಗೆ ಡ್ರಿಲ್ಲಿನ ವೈರು ಸುತ್ತತೊಡಗಿದ.

“ಪಾಸ್‌ವರ್ಡ್ ಏನೈತಿ?” ಮುಜಾಹಿದ ಕೇಳಿದ.

ಬಡೇಸಾಬ ಚಾಳಿನ ಮಾಡನ್ನು ನೋಡಿದ, ಶೀಲಾವತಿಯವರ ಬಾಗಿಲ ತೋರಣವನ್ನು ನೋಡಿದ. ತಮ್ಮನ ಮುಖ ಮಾತ್ರ ನೋಡಲಿಲ್ಲ. “ಹಳೇದಽ. ನೀ ಹ್ವಾದ ಮ್ಯಾಲ ಬದಲೀ ಮಾಡಿಲ್ಲ.”

ಬುಷರಾಳ ಆಫೀಸಿನಲ್ಲಿ ಇಂಥದ್ದಕ್ಕೆ ಕೆಲಸದಿಂದಲೇ ತೆಗೆದುಹಾಕುತ್ತಾರೆ. ಬೇರೆಯಾಗಿ ಹೋದವನಿಗೆ ಎಂಟು ತಿಂಗಳು ಬಾಗಿಲು ತೆರೆದಿಟ್ಟು ಕೂತದ್ದು. ಬಂದರೆ ಬರಲಿ, ಬಂದರೆ ಒಳಗೆ ನಡೆದುಬರಲಿ ಎಂದು.

“ಬದಲೀ ಮಾಡಬೇಕಿತ್ತು, ಭಾಯಿ,” ಮುಜಾಹಿದ ಟೈಪ್ ಮಾಡುತ್ತಲೇ ಬೈಯುತ್ತಿದ್ದ, ಮೂಗು ಸೋರುತ್ತಿತ್ತು. “ಹಿಂಗ ಬಿಡತಾರೇನು? ಯಾರರ ಬಂದು ಎಲ್ಲಾ ಹಾಳ ಮಾಡಿದ್ದರ? ಖಬರದಾರಿ ಅನ್ನೂದಽ ಇಲ್ಲ ನಿನಗ.”

“ಹೂಂ,” ಅನ್ನುತ್ತಿದ್ದ ಬಡೇಸಾಬ ಪ್ರತಿ ಬೈಗುಳಕ್ಕೂ. “ಹೂಂ. ಹೌದು. ಬೈ.”